ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಇಲಿ: ಐಎಇಸಿ ಅರ್ಜಿ ವಾಪಸ್ ಬಂದರೆ ಏನು ತಿದ್ದಬೇಕು?

ಸ್ಟ್ರೆಪ್ಟೊಜೊಟೊಸಿನ್ ಎಂಬ ಮದ್ದಿನಿಂದ ಮಧುಮೇಹ ಬರಿಸಿದ ಇಲಿಗಳ ಮೇಲೆ ಗಿಡದ ಸಾರ ಪರೀಕ್ಷಿಸಲು ಐದು ಗುಂಪು, 30 ಇಲಿ ಎಂದು ಅನುಮತಿ ಅರ್ಜಿಯಾದ ಫಾರ್ಮ್ ಬಿ ತುಂಬಿದ್ದೀರಿ, ಐಎಇಸಿ, ಅಂದರೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ, ಅದನ್ನು ವಾಪಸ್ ಕಳಿಸಿದೆ. ಬಿ.ಎಸ್ಸಿ ಮಕ್ಕಳಿಗೆ ಕಪ್ಪೆ ಕೊಯ್ಯಿಸಬಹುದೇ ಎಂದೂ ಕೇಳಿದ್ದೀರಿ.

ನನ್ನ ಅನುಮಾನ ಮೊದಲು ಆ 30ರ ಮೇಲೆ. ಗುಂಪಿಗೆ ಆರು ಎಂಬುದನ್ನು ಹಳೆಯ ಥೀಸಿಸ್‌ಗಳಿಂದ ಎಲ್ಲರೂ ಹಾಗೇ ಇಳಿಸುತ್ತಾರೆ, ಸಮಿತಿಗೆ ಬೇಕಾದದ್ದು ಲೆಕ್ಕ. ಹಿಂದಿನ ಪ್ರಬಂಧಗಳಲ್ಲಿ ಎಸ್‌ಡಿ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಂಕಿ) ಸಿಕ್ಕರೆ ಪವರ್ ಲೆಕ್ಕ (ನಿಜವಾದ ವ್ಯತ್ಯಾಸ ಕಾಣಲು ಎಷ್ಟು ಇಲಿ ಬೇಕೆಂಬ ಲೆಕ್ಕ) ಕೊಡಿ. ಸಿಗದಿದ್ದರೆ ರಿಸೋರ್ಸ್ ಈಕ್ವೇಶನ್: ಒಟ್ಟು ಪ್ರಾಣಿಗಳಲ್ಲಿ ಗುಂಪುಗಳ ಸಂಖ್ಯೆ ಕಳೆದರೆ 10ರಿಂದ 20ರೊಳಗೆ ಬರಬೇಕು. ನಿಮ್ಮದು 30−5=25, ಮೀರಿತು. ಗುಂಪಿಗೆ ಐದಾದರೆ 25−5=20, ಸರಿಹೋಯಿತು. ಮದ್ದು ಚುಚ್ಚಿದ ಮೇಲೆ ಕೆಲವು ಸಾಯುತ್ತವೆ, ಕೆಲವಕ್ಕೆ ಸಕ್ಕರೆ ಏರುವುದೇ ಇಲ್ಲ. ಅದಕ್ಕೆ ಹೆಚ್ಚುವರಿ ಇಲಿಗಳನ್ನು ಬೇರೆ ಸಾಲಿನಲ್ಲಿ, ಕಾರಣ ಬರೆದು ಕೇಳಿ. ಮದ್ದು ಚುಚ್ಚದ ನಾರ್ಮಲ್ ಗುಂಪಿಗೆ ಅದು ಬೇಡ.

ಇನ್ನು ವಿಧಾನ. "ಮದ್ದು ಚುಚ್ಚಿ 28 ದಿನದ ನಂತರ ರಕ್ತ ತೆಗೆಯಲಾಗುವುದು" ಎಂಬ ಒಂದೇ ಸಾಲನ್ನು ಸಮಿತಿಯ ಪಶುವೈದ್ಯರು ಒಪ್ಪುವುದಿಲ್ಲ. ಇಲಿಯ ದಿನಚರಿ ಬರೆದ ಹಾಗೆ ಬರೆಯಿರಿ. ಮೊದಲ 24 ಗಂಟೆಯಲ್ಲಿ ಒಡೆದ ಬೀಟಾ ಕೋಶಗಳಿಂದ (ಇನ್ಸುಲಿನ್ ತಯಾರಿಸುವ ಕೋಶಗಳು) ಇನ್ಸುಲಿನ್ ಒಮ್ಮೆಲೇ ಸುರಿದು ಸಕ್ಕರೆ ಕುಸಿಯುತ್ತದೆ, ಇಲಿ ಸಾಯುವುದು ಹೆಚ್ಚಾಗಿ ಆಗಲೇ. ಆ ರಾತ್ರಿ ಕುಡಿಯಲು ಗ್ಲುಕೋಸ್ ನೀರು ಇಡುವುದನ್ನು ನಮೂದಿಸಿ. ಆಮೇಲೆ ಮೂತ್ರ ವಿಪರೀತ, ಹಾಸು ದಿನವೂ ಬದಲಿಸಬೇಕು. ರಕ್ತದ ಪ್ರಮಾಣವನ್ನು ಮಿಲಿಲೀಟರ್‌ನಲ್ಲೇ ಹೇಳಿ: 200 ಗ್ರಾಂ ಇಲಿಯ ಮೈಯಲ್ಲಿರುವುದೇ ಸುಮಾರು 13 ಮಿ.ಲೀ., ಬದುಕಿರಬೇಕಾದ ಇಲಿಯಿಂದ ಒಮ್ಮೆಗೆ ಅದರ ಹತ್ತರಲ್ಲೊಂದು ಭಾಗ ಮೀರಬಾರದು. ಗ್ಲುಕೋಮೀಟರ್‌ಗಾದರೆ ಬಾಲದ ಒಂದು ಹನಿ ಸಾಕು.

ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನು ಬಹಳಷ್ಟು ಅರ್ಜಿಗಳು ಬರೆಯುವುದೇ ಇಲ್ಲ. ತೂಕ ಶೇ. 20 ಇಳಿದರೆ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಮಧುಮೇಹದ ಇಲಿ ಹೇಗೂ ಸೊರಗುತ್ತದೆ. ರೋಮ ನಿಮಿರಿ, ಮುದುರಿ ಕೂತು, ಮುಟ್ಟಿದರೂ ಅಲುಗದ ಸ್ಥಿತಿಯನ್ನೂ ಸೇರಿಸಿ, ಆಗ ಯಾವ ಔಷಧದಿಂದ ದಯಾಮರಣ ಎಂದೂ ಬರೆಯಿರಿ.

ಪ್ರಾಣಿಯ ಬದಲಿಗೆ ಬೇರೆ ದಾರಿ ಇದೆಯೇ ಎಂಬ ಪ್ರಶ್ನೆಗೆ "ಬದಲಿ ಇಲ್ಲ" ಎಂಬ ಎರಡು ಪದ ಉತ್ತರವಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಆಲ್ಫಾ-ಅಮೈಲೇಸ್, ಆಲ್ಫಾ-ಗ್ಲುಕೋಸಿಡೇಸ್ ಕಿಣ್ವಗಳ ಮೇಲೆ, ಪ್ರಾಣಿಯಿಲ್ಲದೆ ಮಾಡುವ ಪರೀಕ್ಷೆ ಮೊದಲು ಮುಗಿಸಿ, ಅಲ್ಲಿ ಫಲ ಕಂಡ ಸಾರವನ್ನಷ್ಟೇ ಇಲಿಗೆ ಒಯ್ಯುತ್ತೇವೆಂದು ತೋರಿಸಿ.

ಸಭೆಯಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸಮಿತಿ ಸಿಸಿಎಸ್‌ಇಎಯ (ಹಿಂದಿನ ಸಿಪಿಸಿಎಸ್‌ಇಎ) ನಾಮಿನಿ ಇರಲೇಬೇಕು, ಅವರ ದಿನಾಂಕಕ್ಕೆ ಕಾಯಬೇಕಾಗುತ್ತದೆ. ಇಲಿಗೆ ಐಎಇಸಿ ಒಪ್ಪಿಗೆ ಸಾಕು, ನಾಯಿಯಂಥ ದೊಡ್ಡ ಪ್ರಾಣಿಗಾದರೆ ಕಡತ ಕೇಂದ್ರಕ್ಕೆ ಹೋಗುತ್ತದೆ. ಇಲಿಗಳನ್ನು ನೋಂದಾಯಿತ ಬ್ರೀಡರ್ ಬಳಿಯೇ ಕೊಳ್ಳಿ, ಫಾರ್ಮ್ ಡಿಯಲ್ಲಿ ದಾಖಲಿಸಿ.

ಕಪ್ಪೆಯ ವಿಷಯ ಬಿಟ್ಟುಬಿಡಿ. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದರೆ ಪ್ರಾಣಿ ಬೇಡ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ಯುಜಿಸಿಯೂ 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಕೊಯ್ಯುವುದನ್ನು ನಿಲ್ಲಿಸಿತು.

ಒಂದು ಎಚ್ಚರ: ಪ್ರಯೋಗ ಮುಗಿಸಿ ಆಮೇಲೆ ಅನುಮತಿ ಪಡೆಯುವ ದಾರಿ ಇಲ್ಲ. ನಡುವೆ ಒಂದು ಡೋಸ್ ಸೇರಿಸಬೇಕೆನಿಸಿದರೂ ತಿದ್ದುಪಡಿ ಅರ್ಜಿ ಒಪ್ಪಿಗೆಯಾದ ಮೇಲೆಯೇ ಸಿರಿಂಜ್ ಹಿಡಿಯಿರಿ.