ನಾಲ್ಕು ನಿಮಿಷಕ್ಕೆ ನಿಲ್ಲುವ ವಿಡಿಯೊ: ಸ್ವಿಚ್‌ಗಳಲ್ಲಿ ಮಲ್ಟಿಕಾಸ್ಟ್ ನಿರ್ವಹಣೆ

ಪ್ರಶ್ನೆ: ನಮ್ಮ ಕಾಲೇಜಿನ ಹಳೆಯ ಕಟ್ಟಡದಲ್ಲಿರುವ ಎನ್‌ಕೋಡರ್‌ಗಳಿಂದ 12 ವಿಡಿಯೊ ಚಾನೆಲ್‌ಗಳನ್ನು, ತಲಾ ಸುಮಾರು 6 ಎಂಬಿಪಿಎಸ್‌ನಂತೆ, 239.0.0.1ರಿಂದ 239.0.0.12ರವರೆಗಿನ ಮಲ್ಟಿಕಾಸ್ಟ್ (ಒಂದೇ ಹರಿವನ್ನು ಬೇಕಾದವರೆಲ್ಲರಿಗೂ ಒಟ್ಟಿಗೆ ಕಳುಹಿಸುವ) ವಿಳಾಸಗಳಿಗೆ ಕಳುಹಿಸುತ್ತಿದ್ದೇವೆ. ಎರಡೂ ಕಟ್ಟಡಗಳ ಟಿವಿ, ಪ್ರಿಂಟರ್, ಕಂಪ್ಯೂಟರ್, ವೈ-ಫೈ ಎಲ್ಲವೂ ಒಂದೇ ವಿ-ಲ್ಯಾನ್‌ನಲ್ಲಿ (ಸ್ವಿಚ್‌ಗಳೊಳಗೆ ಬೇರ್ಪಡಿಸಿದ ಒಂದು ಉಪಜಾಲದಲ್ಲಿ) ಇವೆ. ಪ್ರಸಾರ ಶುರುವಾದಾಗ ಪ್ರಿಂಟರ್‌ಗಳೂ ವೈ-ಫೈಯೂ ತೀರಾ ನಿಧಾನವಾದವು. ಎಲ್ಲ ಸ್ವಿಚ್‌ಗಳಲ್ಲಿ ಐಜಿಎಂಪಿ ಸ್ನೂಪಿಂಗ್ (ಯಾರಿಗೆ ಯಾವ ವಿಡಿಯೊ ಬೇಕೆಂದು ಗಮನಿಸುವ ಆಯ್ಕೆ) ಆನ್ ಮಾಡಿದ ಮೇಲೆ ಹೊಸ ಕಟ್ಟಡದಲ್ಲಿ ವೇಗ ಸರಿಹೋಯಿತು. ಆದರೆ ಅಲ್ಲಿನ ಟಿವಿಗಳಲ್ಲಿ ಚಿತ್ರ ನಾಲ್ಕೈದು ನಿಮಿಷಕ್ಕೆ ನಿಂತುಹೋಗುತ್ತದೆ, ಚಾನೆಲ್ ಬದಲಿಸಿದರೆ ಮತ್ತೆ ಬರುತ್ತದೆ. ಹಳೆಯ ಕಟ್ಟಡದಲ್ಲಿ ಚಿತ್ರ ನಿಲ್ಲುವುದಿಲ್ಲ, ಆದರೆ ನಿಧಾನವೂ ಹೋಗಿಲ್ಲ. ಅಲ್ಲಿನ ಹಳೆಯ ಸ್ವಿಚ್ ಬದಲಿಸಬೇಕೇ?
– ನೆಟ್‌ವರ್ಕ್ ನಿರ್ವಾಹಕರು, ಹಾಸನ

ಉತ್ತರ: ಸದ್ಯಕ್ಕೆ ಬೇಡ. ನೀವು ವಿವರಿಸಿರುವ ಎರಡು ಕಟ್ಟಡಗಳ ತೊಂದರೆಗಳು ಬೇರೆ ಬೇರೆ ಕಾರಣದವು, ಮತ್ತು ಎರಡನ್ನೂ ಖರ್ಚಿಲ್ಲದೆ ಸರಿಪಡಿಸಲು ಸಾಧ್ಯವಿದೆ.

ಮೊದಲು ಹೊಸ ಕಟ್ಟಡ. ಸ್ವಿಚ್ ತನಗೆ ಬರುವ ಫ್ರೇಮ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಕಳುಹಿಸಿದವರ ವಿಳಾಸ ನೋಡಿ ಯಾರು ಯಾವ ಪೋರ್ಟ್‌ನಲ್ಲಿದ್ದಾರೆಂದು ಕಲಿಯುತ್ತದೆ. ಮಲ್ಟಿಕಾಸ್ಟ್ ಗುಂಪಿನ ವಿಳಾಸದಿಂದ ಯಾರೂ ಏನನ್ನೂ ಕಳುಹಿಸುವುದಿಲ್ಲವಾದ್ದರಿಂದ ಅದನ್ನು ಸ್ವಿಚ್ ಎಂದೂ ಕಲಿಯಲಾರದು; ಹಾಗಾಗಿ ಆ ವಿಡಿಯೊವನ್ನು ಎಲ್ಲ ಪೋರ್ಟ್‌ಗಳಿಗೂ ಹರಿಸಿಬಿಡುತ್ತದೆ. ನಿಮ್ಮ 12 ಚಾನೆಲ್‌ಗಳು ಸೇರಿ 72 ಎಂಬಿಪಿಎಸ್ ಆಗುತ್ತವೆ. 100 ಎಂಬಿಪಿಎಸ್ ಪೋರ್ಟ್ ಇರುವ ಪ್ರಿಂಟರಿಗೆ ಉಳಿಯುವುದು ಬರೀ 28. ಸ್ನೂಪಿಂಗ್ ಆನ್ ಮಾಡಿದಾಗ ಸ್ವಿಚ್, ಟಿವಿಗಳು ‘ಈ ಗುಂಪು ನನಗೆ ಬೇಕು’ ಎಂದು ಕಳುಹಿಸುವ ಐಜಿಎಂಪಿ ರಿಪೋರ್ಟ್‌ಗಳನ್ನು ಗಮನಿಸಿ, ಕೇಳಿದ ಪೋರ್ಟ್‌ಗಳಿಗಷ್ಟೇ ವಿಡಿಯೊ ಕಳುಹಿಸುತ್ತದೆ.

ಆದರೆ ಟಿವಿ ಈ ಮಾತನ್ನು ತಾನಾಗಿ ಹೇಳುವುದು ಚಾನೆಲ್ ಆರಿಸಿಕೊಂಡಾಗ ಮಾತ್ರ. ಆಮೇಲೆ ಯಾರಾದರೂ ಕೇಳಿದರಷ್ಟೇ ಮತ್ತೆ ಹೇಳುತ್ತದೆ. ಹಾಗೆ ನಿಯತವಾಗಿ ಕೇಳುವ ಸಾಧನವೇ ಕ್ವೆರಿಯರ್. ತರಗತಿಯಲ್ಲಿ ಹಾಜರಿ ಕರೆಯುವ ಮೇಷ್ಟ್ರ ಕೆಲಸ ಅದರದು. ಸಾಮಾನ್ಯವಾಗಿ ಮಲ್ಟಿಕಾಸ್ಟ್ ರೌಟರ್ ಇದನ್ನು ಮಾಡುತ್ತದೆ, ಆದರೆ ಒಂದೇ ವಿ-ಲ್ಯಾನ್‌ನೊಳಗೆ ಎಲ್ಲವೂ ನಡೆಯುವ ನಿಮ್ಮಂಥ ಜಾಲದಲ್ಲಿ ಅಂಥ ರೌಟರ್ ಇರುವುದಿಲ್ಲ. ಐಜಿಎಂಪಿಯ ರೂಢಿಯ ಲೆಕ್ಕದಲ್ಲಿ 125 ಸೆಕೆಂಡಿಗೊಮ್ಮೆ ಪ್ರಶ್ನೆ ಹೋಗಬೇಕು, ಉತ್ತರಕ್ಕೆ 10 ಸೆಕೆಂಡ್ ಅವಕಾಶವಿರುತ್ತದೆ. ಎರಡು ಸುತ್ತಿನ ಕಾಲ ಕಳೆದರೂ ಉತ್ತರ ಬಾರದಿದ್ದರೆ, ಅಂದರೆ 260 ಸೆಕೆಂಡಿಗೆ, ಸದಸ್ಯತ್ವ ರದ್ದಾಗುತ್ತದೆ. ನೀವು ನೋಡುತ್ತಿರುವ ನಾಲ್ಕೈದು ನಿಮಿಷ ಇದೇ. ಚಾನೆಲ್ ಬದಲಿಸಿದಾಗ ಹೊಸ ರಿಪೋರ್ಟ್ ಹೋಗುವುದರಿಂದ ಚಿತ್ರ ಮರಳುತ್ತದೆ.

ಆದ್ದರಿಂದ ಉಳಿದ ಸ್ವಿಚ್‌ಗಳನ್ನೆಲ್ಲ ಜೋಡಿಸುವ ಕೋರ್ ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್ ಎಂಬ ಆಯ್ಕೆಯನ್ನು ಆನ್ ಮಾಡಿ, ಆ ವಿ-ಲ್ಯಾನ್‌ನಲ್ಲಿ ಕೋರ್‌ಗೆ ಒಂದು ಐಪಿ ವಿಳಾಸ ಕೊಡಿ. ಒಂದಕ್ಕಿಂತ ಹೆಚ್ಚು ಕ್ವೆರಿಯರ್‌ಗಳಿದ್ದರೆ ಅತಿ ಚಿಕ್ಕ ಐಪಿ ವಿಳಾಸದ್ದೇ ಗೆಲ್ಲುತ್ತದೆ. ಕೋರ್‌ಗೆ ಚಿಕ್ಕ ವಿಳಾಸ ಕೊಟ್ಟು, ಇನ್ನೊಂದು ಸ್ವಿಚ್‌ನ್ನು ಬದಲಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ಕೆಲಸವನ್ನು ಯಾವುದೋ ಮೂಲೆಯ ಸ್ವಿಚ್‌ಗೆ ಒಪ್ಪಿಸಬೇಡಿ. ಪ್ರಶ್ನೆ ಬಂದ ಪೋರ್ಟನ್ನು ಉಳಿದ ಸ್ವಿಚ್‌ಗಳು ರೌಟರ್ ಪೋರ್ಟ್ ಎಂದು ಗುರುತಿಸಿಕೊಂಡು, ರಿಪೋರ್ಟ್‌ಗಳ ಜೊತೆಗೆ ವಿಡಿಯೊವನ್ನೂ ಅತ್ತ ಕಳುಹಿಸುತ್ತವೆ. ಅಂದರೆ ಕ್ವೆರಿಯರ್ ಇರುವ ದಿಕ್ಕಿನ ಕೊಂಡಿ 12 ಚಾನೆಲ್‌ಗಳನ್ನೂ ಹೊರಬೇಕಾಗುತ್ತದೆ. ಕೋರ್‌ನ ಗಿಗಾಬಿಟ್ ಕೊಂಡಿಗೆ 72 ಎಂಬಿಪಿಎಸ್ ಹೊರೆಯಲ್ಲ. ಐಜಿಎಂಪಿ ಆವೃತ್ತಿ 2 ನಿಮಗೆ ಸಾಕು. 2002ರಲ್ಲಿ ಬಂದ ಆವೃತ್ತಿ 3ರ ರಿಪೋರ್ಟ್‌ಗಳನ್ನು ಅರಿಯದ ಹಳೆಯ ಸ್ವಿಚ್‌ಗಳು ಇನ್ನೂ ಬಳಕೆಯಲ್ಲಿವೆ.

ಇನ್ನು ಹಳೆಯ ಕಟ್ಟಡ. ಅಲ್ಲಿ ನನ್ನ ಅನುಮಾನ ಸ್ವಿಚ್‌ಗಿಂತ ನೀವು ಆರಿಸಿಕೊಂಡ ವಿಳಾಸಗಳ ಮೇಲಿದೆ. ಮಲ್ಟಿಕಾಸ್ಟ್ ಐಪಿ ವಿಳಾಸದ ಕೊನೆಯ 23 ಬಿಟ್‌ಗಳು ಮಾತ್ರ ಎತರ್ನೆಟ್‌ನ ಮ್ಯಾಕ್ ವಿಳಾಸಕ್ಕೆ (ಸ್ವಿಚ್‌ಗಳು ಫ್ರೇಮ್‌ಗಳನ್ನು ವಿಂಗಡಿಸಲು ನೋಡುವ ವಿಳಾಸಕ್ಕೆ) ಇಳಿಯುತ್ತವೆ, ಆದ್ದರಿಂದ 32 ಐಪಿ ವಿಳಾಸಗಳು ಒಂದೇ ಮ್ಯಾಕ್ ವಿಳಾಸವನ್ನು ಹಂಚಿಕೊಳ್ಳುತ್ತವೆ. ನಿಮ್ಮ 239.0.0.1ಕ್ಕೂ, ಜಾಲದ ಎಲ್ಲ ಸಾಧನಗಳಿಗೆ ಮೀಸಲಾದ 224.0.0.1ಕ್ಕೂ ಮ್ಯಾಕ್ ವಿಳಾಸ ಒಂದೇ. 224.0.0ರಿಂದ ಶುರುವಾಗುವ ವಿಳಾಸಗಳು ರೌಟಿಂಗ್ ಮುಂತಾದ ನಿಯಂತ್ರಣ ಸಂದೇಶಗಳಿಗೆ ಮೀಸಲಾಗಿರುವುದರಿಂದ, ಅವನ್ನು ಎಲ್ಲ ಪೋರ್ಟ್‌ಗಳಿಗೂ ಹರಿಸಬೇಕೆಂದು 2006ರ ಆರ್‌ಎಫ್‌ಸಿ 4541 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆ ಸಲಹೆ ನೀಡುತ್ತದೆ. ಐಪಿ ವಿಳಾಸ ನೋಡದೆ ಮ್ಯಾಕ್ ವಿಳಾಸವನ್ನಷ್ಟೇ ನೋಡಿ ವಿಂಗಡಿಸುವ ಸ್ವಿಚ್‌ಗೆ ನಿಮ್ಮ ವಿಡಿಯೊ ಮತ್ತು ಈ ಸಂದೇಶಗಳ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಅದು ಎರಡನ್ನೂ ಹರಿಸುತ್ತದೆ. ಎನ್‌ಕೋಡರ್‌ಗಳೂ ಅಲ್ಲೇ ಇರುವುದರಿಂದ ಅಲ್ಲಿನ ಟಿವಿಗಳು ಕೇಳದೆಯೇ ವಿಡಿಯೊ ಪಡೆಯುತ್ತಿವೆ, ಪ್ರಿಂಟರ್‌ಗಳೂ ಪಡೆಯುತ್ತಿವೆ. ಚಾನೆಲ್‌ಗಳನ್ನು 239.10.20.1ರಿಂದ 239.10.20.12ರವರೆಗಿನ ವಿಳಾಸಗಳಿಗೆ ಬದಲಿಸಿ. 239.128.0ರಿಂದ ಶುರುವಾಗುವವೂ ಅದೇ ಬಲೆಗೆ ಬೀಳುತ್ತವೆ. ಕೆಲಸದ ಕ್ರಮ ಮುಖ್ಯ: ಕ್ವೆರಿಯರ್ ಇಡುವ ಮುಂಚೆ ವಿಳಾಸ ಬದಲಿಸಿದರೆ, ಇಂದು ಸರಿಯಾಗಿ ನಡೆಯುತ್ತಿರುವ ಹಳೆಯ ಕಟ್ಟಡದ ಟಿವಿಗಳೂ ನಾಲ್ಕು ನಿಮಿಷಕ್ಕೆ ನಿಲ್ಲತೊಡಗುತ್ತವೆ.

ಇಷ್ಟಾದ ಮೇಲೂ ಯಾರೂ ನೋಡದಿರುವ ಚಾನೆಲ್‌ಗಳು ಎಲ್ಲೆಡೆ ಹರಿಯುತ್ತಿದ್ದರೆ, ನೋಂದಣಿಯಾಗದ ಮಲ್ಟಿಕಾಸ್ಟನ್ನು ಏನು ಮಾಡಬೇಕೆಂಬ ಸೆಟ್ಟಿಂಗ್ ನೋಡಿ. ಹಲವು ಸ್ವಿಚ್‌ಗಳಲ್ಲಿ ಅದು ಹರಿಸುವ ಸ್ಥಿತಿಯಲ್ಲೇ ಬರುತ್ತದೆ. ಅದನ್ನು ತಡೆಯುವ ಸ್ಥಿತಿಗೆ ತರುವಾಗ ಎಚ್ಚರವಿರಲಿ: ಐಪಿವಿ6 ತನ್ನ ನೆರೆಯ ಸಾಧನಗಳನ್ನು ಹುಡುಕುವುದೇ ಮಲ್ಟಿಕಾಸ್ಟ್ ಮೂಲಕವಾದ್ದರಿಂದ, ಅದನ್ನೂ ಸೇರಿಸಿ ತಡೆಯುವ ಸ್ವಿಚ್‌ನಲ್ಲಿ ಐಪಿವಿ6 ಸಂಪರ್ಕ ಕೆಡುತ್ತದೆ. ಸ್ಟಾರ್ಮ್ ಕಂಟ್ರೋಲ್ ಹಾಕಿ ಮಲ್ಟಿಕಾಸ್ಟನ್ನು ಮಿತಿಗೊಳಿಸಿ ಎಂದು ಸಲಹೆ ಕೊಡುವವರಿದ್ದಾರೆ. ಬೇಕಾದ ವಿಡಿಯೊ, ಬೇಡವಾದ ವಿಡಿಯೊ ಎಂಬ ಭೇದವಿಲ್ಲದೆ ಕತ್ತರಿಸುವ ಆ ಉಪಾಯವನ್ನು ನಾನು ಒಪ್ಪುವುದಿಲ್ಲ.

ಟಿವಿ ‘ಈ ಗುಂಪು ಬೇಡ’ ಎಂದ ಕೂಡಲೇ ಆ ಪೋರ್ಟ್‌ಗೆ ವಿಡಿಯೊ ನಿಲ್ಲಿಸುವ ಫಾಸ್ಟ್ ಲೀವ್ ಎಂಬ ಆಯ್ಕೆಯನ್ನು ಒಂದು ಪೋರ್ಟ್‌ಗೆ ಒಂದೇ ಟಿವಿ ಇದ್ದಲ್ಲಿ ಮಾತ್ರ ಬಳಸಿ. ಪೋರ್ಟ್‌ನ ಕೆಳಗೆ ಸಣ್ಣ ಸ್ವಿಚ್ ಇಟ್ಟು ಎರಡು ಟಿವಿ ಜೋಡಿಸಿದ್ದರೆ, ಒಂದೇ ಚಾನೆಲ್ ತೋರಿಸುತ್ತಿರುವ ಅವುಗಳಲ್ಲಿ ಒಂದನ್ನು ಆಫ್ ಮಾಡಿದಾಗ ಇನ್ನೊಂದರ ಚಿತ್ರವೂ ನಿಲ್ಲುತ್ತದೆ.

ವೈ-ಫೈ ಮಾತ್ರ ಬೇರೆಯೇ ಕಥೆ. ಆ್ಯಕ್ಸೆಸ್ ಪಾಯಿಂಟ್‌ಗಳು ಮಲ್ಟಿಕಾಸ್ಟನ್ನು ಸಾಮಾನ್ಯವಾಗಿ ತೀರಾ ಕಡಿಮೆ ವೇಗದಲ್ಲಿ, ತಲುಪಿತೋ ಇಲ್ಲವೋ ಎಂಬ ಖಾತ್ರಿಯಿಲ್ಲದೆ ಕಳುಹಿಸುತ್ತವೆ. ಒಬ್ಬ ವಿದ್ಯಾರ್ಥಿ ಮೊಬೈಲಿನಲ್ಲಿ ಒಂದು ಚಾನೆಲ್ ತೆರೆದರೂ ಉಳಿದವರ ಸಮಯವನ್ನು ಅದು ತಿನ್ನುತ್ತದೆ. ಮೊಬೈಲಿನಲ್ಲಿ ನೋಡುವ ಅಗತ್ಯವಿಲ್ಲದಿದ್ದರೆ ಎನ್‌ಕೋಡರ್ ಮತ್ತು ಟಿವಿಗಳನ್ನು ಪ್ರತ್ಯೇಕ ವಿ-ಲ್ಯಾನ್‌ಗೆ ಸರಿಸಿ, ಕ್ವೆರಿಯರನ್ನೂ ಅದೇ ವಿ-ಲ್ಯಾನ್‌ನಲ್ಲಿ ಇಡಿ. ಅಗತ್ಯವಿದ್ದರೆ ಆ್ಯಕ್ಸೆಸ್ ಪಾಯಿಂಟ್‌ನಲ್ಲಿ ಮಲ್ಟಿಕಾಸ್ಟನ್ನು ಯೂನಿಕಾಸ್ಟ್ (ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸುವುದು) ಆಗಿ ಪರಿವರ್ತಿಸುವ ಆಯ್ಕೆಯನ್ನು ಆನ್ ಮಾಡಿ.

ಬದಲಾವಣೆಗಳ ನಂತರ ಪ್ರತಿ ಸ್ವಿಚ್‌ನಲ್ಲೂ ಸ್ನೂಪಿಂಗ್ ಪಟ್ಟಿ ತೆರೆದು, ಕ್ವೆರಿಯರ್ ಜಾಗದಲ್ಲಿ ಕೋರ್‌ನ ವಿಳಾಸವೇ ಇದೆಯೇ, ರೌಟರ್ ಪೋರ್ಟ್ ಕೋರ್‌ನ ಕಡೆಗೇ ಇದೆಯೇ ಎಂದು ಪರಿಶೀಲಿಸಿ. ಒಂದು ಟಿವಿಯನ್ನು ಚಾನೆಲ್ ಮುಟ್ಟದೆ ಕನಿಷ್ಠ ಹತ್ತು ನಿಮಿಷ ಓಡಿಸಿ ನೋಡಿ; ಇಷ್ಟೆಲ್ಲ ಆದರೂ ಹಳೆಯ ಕಟ್ಟಡದ ಪ್ರಿಂಟರ್ ಪೋರ್ಟ್‌ನಲ್ಲಿ 72 ಎಂಬಿಪಿಎಸ್ ಕಾಣುತ್ತಲೇ ಇದ್ದರೆ, ಆಗ ಹೊಸ ಸ್ವಿಚ್‌ಗೆ ಮಂಜೂರಾತಿ ಕೇಳಬಹುದು.