ದಾಕ್ಷಿಣ್ಯದ ಪರ ಒಂದು ವಕಾಲತ್ತು

(ಮದ್ದೂರಿನ ಓದುಗರೊಬ್ಬರ ಪತ್ರ: "ತಪ್ಪು ತಿಳಿಯಬೇಡಿ. ನಿಮ್ಮ ಮೈಸೂರಿನವರ ದಾಕ್ಷಿಣ್ಯವೆಲ್ಲ ಒಳಗೊಂದು ಹೊರಗೊಂದು. ಮಂಡ್ಯದ ನಾವು ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೇ ಹೇಳುತ್ತೇವೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಎಂಬ ಗಾದೆ ನಿಮಗೆ ಗೊತ್ತಿಲ್ಲವೇ?")

ಗೊತ್ತಿದೆ ಸ್ವಾಮಿ. ದಾಕ್ಷಿಣ್ಯಕ್ಕೆ ಸಿಕ್ಕಿ ಜಾಮೀನು ನಿಂತು, ಯಾರದೋ ಸಾಲವನ್ನು ಮೂರು ವರ್ಷ ಕಟ್ಟಿದವನು ನಾನು. ಆದರೂ ಒಂದು ತಕರಾರು. 1939ರಲ್ಲಿ ಬೇರೆಯಾಗುವವರೆಗೆ ನಿಮ್ಮ ಮಂಡ್ಯವೂ ಮೈಸೂರು ಜಿಲ್ಲೆಗೇ ಸೇರಿತ್ತು. ಜಿಲ್ಲೆ ಒಡೆದ ಮಾತ್ರಕ್ಕೆ ಸ್ವಭಾವವೂ ಒಡೆಯಿತೇ? ನಿಮ್ಮ ಕಡೆಯ ಆಲೆಮನೆಗಳಲ್ಲಿ ಹೊಟ್ಟೆ ಬಿರಿಯುವಷ್ಟಾದರೂ ಇನ್ನೊಂದು ಲೋಟ ಕಬ್ಬಿನ ಹಾಲನ್ನು ಬೇಡವೆನ್ನಲಾರದೆ ಕುಡಿದು ಬಂದಿದ್ದೇನೆ.

ನೇರ ಮಾತು ದೊಡ್ಡ ಗುಣವೆಂಬುದನ್ನು ಒಪ್ಪುತ್ತೇನೆ. ಕಿವಿಗೆ ಇಂಪಾಗಿ ಮಾತನಾಡುವವರು ಬೇಕಾದಷ್ಟು ಸಿಗುತ್ತಾರೆ, ಕಹಿಯಾದರೂ ಹಿತವಾದದ್ದನ್ನು ಹೇಳುವವನೂ ಅಪರೂಪ, ಕೇಳುವವನೂ ಅಪರೂಪ ಎಂದು ರಾಮಾಯಣದಲ್ಲಿ ಮಾರೀಚ ಹೇಳುತ್ತಾನೆ. ಆದರೆ ಹೇಳಿದ್ದು ಯಾರಿಗೆ? ತನ್ನ ಮನೆಯ ಆಳಿಗಲ್ಲ, ತಲೆ ತೆಗೆಯಬಲ್ಲ ರಾವಣನಿಗೆ. ಅದೂ 'ರಾಜನ್' ಎಂದು ಕರೆದು.

ನಮ್ಮ ನೇರ ನುಡಿಯವರನ್ನು ನೋಡಿ. ಮೊನ್ನೆ ಅಗ್ರಹಾರದ ಸಣ್ಣ ಹೋಟೆಲೊಂದರಲ್ಲಿ ಮಿತ್ರರೊಬ್ಬರೊಡನೆ ಕುಳಿತಿದ್ದೆ. ಕಾಫಿ ತಂದ ಹುಡುಗ ಹೊಸಬ. ಡಬರಿಯ ಅಂಚು ಹಿಡಿದ ಬೆರಳು ಸುಡುತ್ತಿದ್ದರೂ ಬಿಡುವ ಧೈರ್ಯವಿಲ್ಲ. ಸಕ್ಕರೆ ಹಾಕುವುದು ಮರೆತಿತ್ತು. "ಇಷ್ಟೂ ಗೊತ್ತಿಲ್ಲದವನು ದನ ಕಾಯಲು ಹೋಗು" ಎಂದರು ಮಿತ್ರರು, ಹೋಟೆಲಿಗೆಲ್ಲ ಕೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ನನ್ನದು ನೇರ ಮಾತು" ಎಂದರು. ಪಕ್ಕದ ಮೇಜಿನ ವೃದ್ಧರ ಕಾಫಿಗೂ ಸಕ್ಕರೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದರು, ಹುಡುಗನ ಮುಖ ನೋಡಿದರು, ಸುಮ್ಮನೆ ಪೂರ್ತಿ ಕುಡಿದು ಎದ್ದರು. ಇದೇ ಮಿತ್ರರು ಹಿಂದಿನ ವಾರ ಒಂದು ಕಚೇರಿಯಲ್ಲಿ, ತಮ್ಮ ತಂದೆಯ ಹೆಸರನ್ನೇ ತಪ್ಪಾಗಿ ಬರೆದ ಕಾಗದಕ್ಕೆ ಕೈಮುಗಿದು ಸಹಿ ಹಾಕಿ ಬಂದಿದ್ದರು. ಇಂಥವರ ನೇರ ಮಾತು ನೀರಿನ ಹಾಗೆ, ತಗ್ಗಿನ ಕಡೆಗೇ ಹರಿಯುತ್ತದೆ.

ದಾಕ್ಷಿಣ್ಯದ ಜಾತಕವೂ ಪೂರಾ ಶುದ್ಧವಲ್ಲ, ನಿಜ. ಹಳೆಯ ಅಲಂಕಾರಶಾಸ್ತ್ರದ 'ದಕ್ಷಿಣ ನಾಯಕ'ನೆಂದರೆ ಹೊಸಬಳಲ್ಲಿ ಮನಸ್ಸಿಟ್ಟೂ ಹಳಬಳ ಮನಸ್ಸು ನೋಯದಂತೆ ನಡೆದುಕೊಳ್ಳುವ ಮಹಾಶಯ! ಈ ಸಾಕ್ಷಿಯನ್ನು ನಿಮ್ಮ ಪಕ್ಷಕ್ಕೇ ಬಿಟ್ಟುಕೊಟ್ಟಿದ್ದೇನೆ. ಬಸವಣ್ಣನವರು ಮಾತ್ರ ನನ್ನ ಕಡೆ: ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ.

ಈಗಂತೂ ಎಲವೋ ಎನ್ನುವವರದೇ ಕಾಲ. 'ಯಥಾರ್ಥವಾದಿ ಲೋಕವಿರೋಧಿ' ಎಂಬುದು ಒಂದು ಕಾಲಕ್ಕೆ ನೊಂದವರು ಹೇಳಿಕೊಳ್ಳುತ್ತಿದ್ದ ಸಮಾಧಾನ. ಈಗ ಎದೆಗೆ ಚುಚ್ಚಿಕೊಂಡ ಪದಕ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು "ಬಣ್ಣ ಸ್ವಲ್ಪ ಕಡಿಮೆಯಾಯಿತು" ಎನ್ನುವವರು, ಸಾವಿನ ಮನೆಯಲ್ಲಿ "ಡಾಕ್ಟರ ಹತ್ತಿರ ಮೊದಲೇ ಹೋಗಬೇಕಿತ್ತು" ಎನ್ನುವವರು, ಟೀವಿಯಲ್ಲಿ ಎದುರಿನವನಿಗೆ ಬಾಯಿ ತೆರೆಯಲೂ ಬಿಡದವರು, ಎಲ್ಲರೂ ಸತ್ಯಸಂಧರೇ. ನಾಲಿಗೆಗೆ ಎಲುಬಿಲ್ಲ ಎಂದು ನಮ್ಮಜ್ಜಿ ಬೈಯುತ್ತಿದ್ದುದು ಇವರಂಥವರನ್ನೇ.

ನೀವು ಆ ಜಾತಿಯವರಲ್ಲ. ಜಗಳದ ಪತ್ರವನ್ನೂ "ತಪ್ಪು ತಿಳಿಯಬೇಡಿ" ಎಂದು ಶುರುಮಾಡಿ, "ಬಿಡುವಾದಾಗ ಉತ್ತರಿಸಿ" ಎಂದು ಮುಗಿಸಿದ್ದೀರಿ. ಅಂದ ಹಾಗೆ, ಪತ್ರದೊಂದಿಗೆ ಎಂಟು ಚುಟುಕಗಳನ್ನೂ ಪ್ರಕಟಣೆಗೆ ಕಳುಹಿಸಿದ್ದೀರಿ. ಅವುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ನಿಮ್ಮ ಪದ್ಧತಿಯಂತೆ ತಿಳಿಸಲೇ, ನಮ್ಮ ಪದ್ಧತಿಯಂತೆ ತಿಳಿಸಲೇ? ಒಂದು ಕಾರ್ಡು ಬರೆಯಿರಿ.