ವಿಂಡ್‌ಶೀಲ್ಡ್ ಚಿಪ್ ರಿಪೇರಿ ಎರಡೇ ವಾರಕ್ಕೆ ಯಾಕೆ ಕೈಕೊಟ್ಟಿತು?

ನಿಮ್ಮ ಪ್ರಶ್ನೆ ಓದಿದೆ. ಹೈವೇಯಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರ್‌ನಿಂದ ಜಲ್ಲಿ ಸಿಡಿದು ಮುಂದಿನ ಗಾಜಿಗೆ ಬಡಿಯಿತು. ಶರ್ಟಿನ ಗುಂಡಿಯಷ್ಟು ಚಿಪ್ ಆಯಿತು. ಮಾರನೇ ದಿನ ಕಾರಿಗೆ ವಾಟರ್ ವಾಶ್ ಮಾಡಿಸಿ, ಅಲ್ಲೇ ರಸ್ತೆ ಬದಿಯಲ್ಲಿ ಹತ್ತು ನಿಮಿಷದಲ್ಲಿ ರಿಪೇರಿ ಮಾಡಿಸಿದಿರಿ. ಎರಡು ವಾರಕ್ಕೆ ಅದೇ ಜಾಗದಿಂದ ಒಂದು ಗೇಣುದ್ದ ಗೆರೆ ಎದ್ದಿದೆ. ಈ ರಿಪೇರಿ ಅನ್ನೋದೇ ಮೋಸವಾ ಅಂತ ಕೇಳಿದ್ದೀರಿ.

ಮೋಸ ಅಲ್ಲ. ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಗಾಡಿ ಗಾಜಿನ ಕೆಲಸ ಮಾಡುತ್ತಿದ್ದೇನೆ. ಸರಿಯಾಗಿ ಮಾಡಿದ ರಿಪೇರಿ ವರ್ಷಗಟ್ಟಲೆ ಅಲುಗಾಡದೆ ಇರುವುದನ್ನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಗಾಡಿಯನ್ನು ನಾನು ನೋಡಿಲ್ಲ ನಿಜ. ಆದರೆ ನೀವು ಬರೆದ ಎರಡು ಮಾತಿನ ಮೇಲೆ ನನಗೆ ಅನುಮಾನ. ಒಂದು ವಾಟರ್ ವಾಶ್, ಇನ್ನೊಂದು ಹತ್ತು ನಿಮಿಷ.

ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ತೆಳು ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಆ ಪದರ ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ ಇರುತ್ತದೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಒಡೆಯುವುದು ಹೊರಗಿನ ಗಾಜು ಮಾತ್ರ. ಒಡೆದ ಜಾಗದಲ್ಲಿ ಕೂದಲೆಳೆಗಿಂತ ತೆಳುವಾದ ಸಂದುಗಳಾಗಿ, ಅದರೊಳಗೆ ಗಾಳಿ ತುಂಬಿಕೊಳ್ಳುತ್ತದೆ. ನಿಮಗೆ ಬೆಳ್ಳಗೆ ಹೊಳೆಯುವ ಹಾಗೆ ಕಾಣುವುದು ಆ ಗಾಳಿಯೇ. ರಿಪೇರಿ ಅಂದರೆ ಮೇಲೆ ಅಂಟು ಹಚ್ಚುವುದಲ್ಲ. ಒಳಗಿನ ಗಾಳಿಯನ್ನು ಪೂರ್ತಿ ಎಳೆದು ತೆಗೆದು, ಆ ಜಾಗಕ್ಕೆಲ್ಲ ರೆಸಿನ್ ಅನ್ನುವ ಪಾರದರ್ಶಕ ದ್ರವ ತುಂಬಿಸಿ, ಯುವಿ (ಅತಿನೇರಳೆ) ಲೈಟಿನಲ್ಲಿ ಗಟ್ಟಿ ಮಾಡುವುದು. ಒಂದು ಎಳೆಯ ತುದಿಯಲ್ಲಿ ಸಾಸಿವೆಯಷ್ಟು ಗಾಳಿ ಉಳಿದರೂ ಅಲ್ಲಿ ಗಾಜಿಗೆ ಹಿಡಿತ ಇಲ್ಲ. ಮುಂದೆ ಒಂದು ಹಂಪು ಹಾರಿಸಿದಾಗಲೋ, ಕಾದ ಗಾಜಿಗೆ ಎಸಿ ಗಾಳಿ ಬಡಿದಾಗಲೋ ಗೆರೆ ಹೊರಡುವುದು ಅಲ್ಲಿಂದಲೇ.

ಗಾಳಿ ತೆಗೆಯುವುದು ಒಂದೇ ಸಲಕ್ಕೆ ಆಗುವ ಕೆಲಸ ಅಲ್ಲ. ಸಿರಿಂಜಿನಂಥ ಇಂಜೆಕ್ಟರ್ ಕೂರಿಸಿ ಸ್ವಲ್ಪ ಹೊತ್ತು ಒತ್ತಬೇಕು, ಸ್ವಲ್ಪ ಹೊತ್ತು ಎಳೆಯಬೇಕು, ಮತ್ತೆ ಒತ್ತಬೇಕು. ನಡುನಡುವೆ ಗಾಜಿನ ಒಳಬದಿಗೆ ಸಣ್ಣ ಕನ್ನಡಿ ಹಿಡಿದು, ಎಳೆಗಳು ಒಂದೊಂದಾಗಿ ಮಾಯವಾಗುತ್ತಿವೆಯಾ ಅಂತ ನೋಡಬೇಕು. ನಕ್ಷತ್ರದಂತೆ ಕಾಲು ಚಾಚಿದ ಚಿಪ್ ಆದರೆ ನನಗೆ ಮುಕ್ಕಾಲು ಗಂಟೆ ಬೇಕೇ ಬೇಕು. ದುಂಡಗೆ ಒಡೆದಿದ್ದರೆ ಸ್ವಲ್ಪ ಬೇಗ ಆಗುತ್ತದೆ. ಹಾಗಂತ ಬೇಗ ಮುಗಿಸಲು ಜಾಸ್ತಿ ಒತ್ತಿದರೂ ಕಷ್ಟ. ರೆಸಿನ್ ಗಾಜಿಗೂ ಪ್ಲಾಸ್ಟಿಕ್ ಪದರಕ್ಕೂ ನಡುವೆ ನುಗ್ಗಿ ಹೂವಿನ ಆಕಾರದ ಕಲೆ ಬಿಡುತ್ತದೆ.

ಇನ್ನು ನೀರಿನ ವಿಷಯ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಒಂದು ಮಳೆಗಾಲದಲ್ಲಿ ಯಲ್ಲಾಪುರ ಕಡೆಯಿಂದ ಒಬ್ಬರು ಬಂದರು. ಆರು ಕಾಲಿನ ಚಿಪ್. ಸಂಜೆಯೊಳಗೆ ಬೆಳಗಾವಿಗೆ ಮದುವೆಗೆ ಹೋಗಬೇಕು, ಬೇಗ ಮಾಡಿಕೊಡು ಅಂದರು. ಬಟ್ಟೆಯಲ್ಲಿ ಒರೆಸಿದೆ, ಮೇಲೆ ಒಣಗಿದ್ದು ಕಂಡಿತು, ರೆಸಿನ್ ತುಂಬಿಸಿಬಿಟ್ಟೆ. ಕೊಡುವಾಗ ಎಳೆಯೇ ಕಾಣುತ್ತಿರಲಿಲ್ಲ. ಅವರೂ ಖುಷಿಯಾಗಿ ಹೋದರು. ನಾಲ್ಕನೇ ದಿನ ವಾಪಸ್ ಬಂದಾಗ ಆ ಜಾಗ ಕಣ್ಣಿಗೆ ಪೊರೆ ಬಂದ ಹಾಗೆ ಮಸುಕಾಗಿತ್ತು. ಒಂದು ಕಾಲು ಗಾಜಿನ ಅಂಚು ಮುಟ್ಟಿತ್ತು. ಸಂದಿನೊಳಗೆ ತೇವ ಇದ್ದುದರಿಂದ ರೆಸಿನ್ ಗಾಜನ್ನು ಹಿಡಿದೇ ಇರಲಿಲ್ಲ. ನನ್ನ ಖರ್ಚಿನಲ್ಲೇ ಹೊಸ ಗಾಜು ಹಾಕಿಕೊಟ್ಟೆ. ದುಡ್ಡು ಹೋದದ್ದಕ್ಕಿಂತ, ಆ ಗಾಜಿನ ಹಿಂದೆ ಅವರ ಮನೆಮಂದಿಯೆಲ್ಲ ಕೂತು ಘಾಟಿ ದಾರಿಯಲ್ಲಿ ಓಡಾಡಿದ್ದರಲ್ಲ ಅನ್ನುವುದೇ ನನ್ನನ್ನು ಬಹಳ ದಿನ ಕಾಡಿತು.

ಅಂದಿನಿಂದ ಒದ್ದೆ ಗಾಡಿ ಬಂದರೆ ಮೊದಲು ಶೆಡ್ಡಿನಲ್ಲಿ ನಿಲ್ಲಿಸುತ್ತೇನೆ. ಕೈಗೆ ಬೆಚ್ಚಗೆ ತಾಗುವಷ್ಟು ಮಾತ್ರ ಬಿಸಿಗಾಳಿ ಕೊಟ್ಟು ತೇವ ಆರಿಸುತ್ತೇನೆ, ಆಮೇಲೆ ಗಾಜು ತಣ್ಣಗಾಗುವ ತನಕ ಕಾಯುತ್ತೇನೆ. ಅನುಮಾನ ಇದ್ದರೆ ನಾಳೆ ಬನ್ನಿ ಅನ್ನುತ್ತೇನೆ. ವಾಟರ್ ವಾಶ್‌ನಲ್ಲಿ ನೀರಿನ ಜೊತೆ ಶಾಂಪೂ, ಪಾಲಿಶ್ ಕೂಡ ಸಂದಿಗೆ ಇಳಿಯುತ್ತದೆ. ಅದು ಬರೀ ಗಾಳಿಗೆ ಆರಿ ಹೋಗುವಂಥದ್ದಲ್ಲ. ಅದಕ್ಕೇ ಚಿಪ್ ಆದ ತಕ್ಷಣ ಒಂದು ತುಂಡು ಸೆಲ್ಲೋ ಟೇಪ್ ಅಂಟಿಸಿ ಅಂತ ಕಂಡಕಂಡವರಿಗೆಲ್ಲ ಹೇಳುತ್ತೇನೆ. ಫೆವಿಕ್ವಿಕ್ ಮಾತ್ರ ಹಾಕಬೇಡಿ. ಅದು ಚಿಪ್‌ನ ಬಾಯಲ್ಲೇ ಗಟ್ಟಿಯಾಗಿ ರೆಸಿನ್‌ಗೆ ದಾರಿಯೇ ಮುಚ್ಚಿಬಿಡುತ್ತದೆ.

ರಸ್ತೆ ಬದಿ ಅಂದಿರಿ. ನೆರಳಿತ್ತಾ? ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯ ಗಾಜಿನ ಮೇಲೆ ಅಂಗೈ ಇಡಲು ಆಗುವುದಿಲ್ಲ. ಅಷ್ಟು ಕಾದ ಗಾಜಿಗೆ ಒತ್ತಡ ಕೊಟ್ಟರೆ ಕೈಯಲ್ಲೇ ಸೀಳಬಹುದು. ಬಿಸಿಲಲ್ಲೂ ಯುವಿ ಇದೆ ಅಲ್ವಾ, ಹಾಗಾಗಿ ರೆಸಿನ್ ಎಳೆಯ ತುದಿ ಮುಟ್ಟುವ ಮೊದಲೇ ಗಟ್ಟಿಯಾಗಲು ಶುರುವಾಗುತ್ತದೆ.

ಲೈಟಿನಲ್ಲೂ ಜನ ತಪ್ಪು ಮಾಡುತ್ತಾರೆ. ಕೆಲಸ ಕಲಿಯಲು ಬಂದ ಹುಡುಗನೊಬ್ಬ ಗಾಡಿಯೊಳಗೆ ಕೂತು ಒಳಗಿನಿಂದ ಲೈಟ್ ಹಿಡಿದಿದ್ದ. ಹದಿನೈದು ನಿಮಿಷ ಆದರೂ ರೆಸಿನ್ ನೀರಾಗಿಯೇ ಇತ್ತು. ನಡುವಿನ ಪಿವಿಬಿ ಪದರ ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ, ಹಾಗಾಗಿ ಲೈಟ್ ಹೊರಗಿನಿಂದಲೇ ಬೀಳಬೇಕು. ಹಳೆಯ ಟ್ಯೂಬ್ ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ ಅದರಲ್ಲಿ ಯುವಿ ಕಮ್ಮಿಯಾಗಿರುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಅವಧಿ ಮುಗಿದ ರೆಸಿನ್ ಬಳಸುವವರೂ ಇದ್ದಾರೆ.

ಒಳ್ಳೆ ಕೆಲಸಗಾರ ಯಾರು ಅಂತ ತಿಳಿಯಲು ಅವನು ಯಾವ ಕೆಲಸ ಬೇಡ ಅನ್ನುತ್ತಾನೆ ನೋಡಿ. ಡ್ರೈವರ್ ಕಣ್ಣಿನ ನೇರಕ್ಕೆ ದೊಡ್ಡ ಚಿಪ್ ಇದ್ದರೆ ನಾನು ಮುಟ್ಟುವುದಿಲ್ಲ. ಎಷ್ಟೇ ಚೆನ್ನಾಗಿ ತುಂಬಿಸಿದರೂ ಒಂದು ಸಣ್ಣ ಕಲೆ ಉಳಿಯುತ್ತದೆ, ರಾತ್ರಿ ಎದುರಿನ ಹೆಡ್‌ಲೈಟ್ ಅದರ ಮೇಲೆ ಬಿದ್ದು ಚೆಲ್ಲುತ್ತದೆ. ಬ್ರಿಟನ್‌ನಲ್ಲಿ ಪ್ರತಿ ವರ್ಷ ನಡೆಯುವ ಗಾಡಿ ತಪಾಸಣೆಗೆ ಒಂದು ಅಳತೆ ಇದೆ. ಸ್ಟೇರಿಂಗ್ ನಡುವಿಗೆ ನೇರವಾಗಿ 290 ಮಿ.ಮೀ. ಅಗಲದ ಪಟ್ಟಿಯಲ್ಲಿ, ವೈಪರ್ ಓಡುವ ಕಡೆ, 10 ಮಿ.ಮೀ.ಗಿಂತ ದೊಡ್ಡ ಹಾನಿ ಇದ್ದರೆ ಗಾಡಿ ಫೇಲ್. ವೈಪರ್ ಓಡುವ ಉಳಿದ ಜಾಗದಲ್ಲಿ 40 ಮಿ.ಮೀ. ತನಕ ಬಿಡುತ್ತಾರೆ. ಆ 10 ಮಿ.ಮೀ. ಲೆಕ್ಕವನ್ನೇ ನಾನೂ ಇಟ್ಟುಕೊಂಡಿದ್ದೇನೆ. ಅಂಚಿಗೆ ತಾಗಿದ ಬಿರುಕು, ಒಳಗಿನ ಗಾಜಿಗೂ ಪೆಟ್ಟಾಗಿರುವುದು, ಇವನ್ನೂ ವಾಪಸ್ ಕಳಿಸುತ್ತೇನೆ. ಗಿರಾಕಿ ಬೇಜಾರಾಗುತ್ತಾರೆ, ಆದರೂ ಕಳಿಸುತ್ತೇನೆ.

ಈಗ ನಿಮ್ಮ ಗಾಜಿಗೆ ಬರೋಣ. ಒಮ್ಮೆ ರೆಸಿನ್ ಗಟ್ಟಿಯಾದ ಮೇಲೆ ಅದೇ ಚಿಪ್ ಅನ್ನು ಮತ್ತೆ ಸರಿಯಾಗಿ ತುಂಬಿಸುವುದು ಆಗದ ಮಾತು. ಗೆರೆ ಗೇಣುದ್ದ ಆಗಿದೆ ಅಂದರೆ ಗಾಜು ಬದಲಾಯಿಸುವುದೇ ಸರಿ. ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಗಾಜಿಗೆ ಸವಕಳಿ ಕಡಿತ, ಅಂದರೆ ಹಳೆಯದಾಯಿತು ಅಂತ ದುಡ್ಡು ಮುರಿದುಕೊಳ್ಳುವುದು, ಇರುವುದಿಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಏನಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಕಾದ ಗಾಜಿಗೆ ನೇರ ಎಸಿ ಬಿಡಬೇಡಿ, ಬಾಗಿಲು ಜೋರಾಗಿ ಹಾಕಬೇಡಿ.

ಆದರೆ ಗೆರೆ ಅಂಚಿನಿಂದ ದೂರ ಇದೆಯಾ, ಕಣ್ಣಿನ ನೇರಕ್ಕೆ ಇದೆಯಾ ಅಂತ ನೋಡಿದ ಮೇಲೆ ಇನ್ನೂ ಖಚಿತವಾಗಿ ಹೇಳಬಹುದು. ಗಾಜಿನ ಒಳಬದಿಗೆ ಕಪ್ಪು ಬಟ್ಟೆ ಹಿಡಿದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಹೊರಗಿನಿಂದ ಒಂದು ಫೋಟೋ ತೆಗೆದು ಹಾಕಿ. ಕಪ್ಪಿನ ಮೇಲೆ ಎಳೆಗಳು ಸರಿಯಾಗಿ ಕಾಣುತ್ತವೆ. ನೋಡಿ ಹೇಳುತ್ತೇನೆ.